20 ದಿನಗಳ ಅಂಗಡಿಗೆ ಬಾಡಿಗೆಯ ಕಪಾಟು

ಪ್ರತಿ ವರ್ಷ ದೀಪಾವಳಿಗೆ ಮುನ್ನ 20 ದಿನಗಳ ಮಟ್ಟಿಗೆ ಬೆಂಗಳೂರಿನ ಜಯನಗರದಲ್ಲಿ ಒಂದು ಖಾಲಿ ಮಳಿಗೆಯನ್ನು ಹಿಡಿದು, ನಾವು ನಾಲ್ವರು ಗೆಳತಿಯರು ಇಳಕಲ್ ಸೀರೆಗಳನ್ನೂ ಗುಳೇದಗುಡ್ಡದ ಖಣಗಳನ್ನೂ ಮಾರುತ್ತೇವೆ. ಮೊದಲ ವರ್ಷ ಬಡಗಿಯನ್ನು ಕರೆಸಿ, ಗೋಡೆಯ ಅಳತೆಗೆ ಸರಿಯಾಗಿ ಪ್ಲೈವುಡ್ ಕಪಾಟುಗಳನ್ನೂ ಸನ್‌ಮೈಕ ಅಂಟಿಸಿದ ಒಂದು ಕೌಂಟರನ್ನೂ ಮಾಡಿಸಿದ್ದೆವು. ಅಂಗಡಿ ಬಹಳ ಚೆಂದ ಕಾಣುತ್ತಿತ್ತು. ಹಬ್ಬ ಮುಗಿದ ಮೇಲೆ ಮಾಲೀಕರಿಗೆ ಬೀಗದ ಕೈ ಒಪ್ಪಿಸುವ ದಿನ ಬಂದಾಗ, ಆ ಗೋಡೆಗೆಂದೇ ಕೊಯ್ದ ಹಲಗೆಗಳು ಬೇರೆ ಯಾವ ಗೋಡೆಗೂ ಹೊಂದುವುದಿಲ್ಲವೆಂಬುದು ತಿಳಿಯಿತು. ಗುಜರಿಯವರು ಬಂದು ಕಬ್ಬಿಣದ ಕೀಲುಗಳನ್ನೂ ಹಿಡಿಗಳನ್ನೂ ಬಿಚ್ಚಿಕೊಂಡು ಹೋದರು, ಹಲಗೆಗಳನ್ನು ಮುಟ್ಟಲಿಲ್ಲ.

ಅವರು ಮುಟ್ಟದಿರುವುದಕ್ಕೆ ಕಾರಣವಿದೆ. ಪ್ಲೈವುಡ್ ಎಂದರೆ ತೆಳುವಾದ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು. ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಎಂದರೆ ಮರದ ಚೂರನ್ನೋ ನಾರನ್ನೋ ಅಂಟಿನಲ್ಲಿ ಕಲಸಿ ಒತ್ತಿದ್ದು. ಸಾಮಾನ್ಯವಾಗಿ ಈ ಅಂಟುಗಳು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದಿಂದ ತಯಾರಾದವು. ಒಮ್ಮೆ ಬೆಸೆದ ಮೇಲೆ ಮರವನ್ನೂ ಅಂಟನ್ನೂ ಮೇಲಿನ ಲ್ಯಾಮಿನೇಟನ್ನೂ ಬೇರ್ಪಡಿಸುವುದು ಬಹಳ ಕಷ್ಟ. ಬಯಲಲ್ಲಿ ಸುಟ್ಟರೆ ಹೊಗೆ ವಿಷಕಾರಿ. ಪಾರ್ಟಿಕಲ್ ಬೋರ್ಡ್‌ನ ಸ್ಕ್ರೂ ಒಮ್ಮೆ ಬಿಚ್ಚಿದರೆ, ಅದೇ ತೂತು ಎರಡನೆಯ ಬಾರಿ ಬಿಗಿಯಾಗಿ ಹಿಡಿಯುವುದೂ ಇಲ್ಲ. ವರ್ಷಗಟ್ಟಲೆ ಬೆಳೆದ ಮರವನ್ನು 20 ದಿನಗಳ ವ್ಯಾಪಾರಕ್ಕೆಂದು ಕಸವಾಗಿಸಿದೆವೆಂಬ ಸಂಕಟ ನನ್ನನ್ನು ಬಹಳ ದಿನ ಕಾಡಿತು. ಕೈಮಗ್ಗದ ಬಟ್ಟೆಯ ಬಾಳಿಕೆಯ ಬಗ್ಗೆ ಗ್ರಾಹಕರಿಗೆ ಹೇಳುತ್ತಾ, ಆ ಬಟ್ಟೆಯನ್ನು ಇಟ್ಟ ಕಪಾಟನ್ನು ಬೀದಿಗೆಸೆಯುವುದು ನನಗೆ ಸರಿಯೆನಿಸಲಿಲ್ಲ.

ಬಾಡಿಗೆಯ ದಾರಿ ಹುಡುಕಿದಾಗ ಮೊದಲು ನೆನಪಾದದ್ದು ಬೆಂಗಳೂರಿನಲ್ಲೇ ಬೆಳೆದ ಫರ್ಲೆಂಕೊ, ರೆಂಟೊಮೊಜೊಗಳಂಥ ಕಂಪನಿಗಳು. ಆದರೆ ಅವರ ವ್ಯವಹಾರ ಮುಖ್ಯವಾಗಿ ಮನೆಗಳದ್ದು. ಮಂಚ, ಸೋಫಾ, ಊಟದ ಮೇಜುಗಳನ್ನು ತಿಂಗಳುಗಳ ಲೆಕ್ಕದಲ್ಲಿ ಕೊಡುತ್ತಾರೆ. ನಮಗೆ ಬೇಕಾದದ್ದು ದಿನಗಳ ಲೆಕ್ಕ. ಅದು ಸಿಕ್ಕಿದ್ದು ಎರಡು ಬೀದಿಗಳಾಚೆಯ ಶಾಮಿಯಾನ ಅಂಗಡಿಯಲ್ಲಿ. ನಮ್ಮ ಪ್ರತಿಯೊಂದು ಊರಿನಲ್ಲಿಯೂ ಮದುವೆ, ನಾಮಕರಣ, ಉತ್ಸವಗಳಿಗೆ ಮೇಜು, ಕುರ್ಚಿ, ಜಮಖಾನ, ದೀಪಗಳನ್ನು ಕೊಟ್ಟು, ಎಣಿಸಿ ವಾಪಸು ಪಡೆದು, ತೊಳೆದು, ರಿಪೇರಿ ಮಾಡಿ ಮತ್ತೆ ಕೊಡುವ ಈ ಅಂಗಡಿಗಳು ತಲೆಮಾರುಗಳಿಂದ ಇವೆ. ವಸ್ತುಗಳ ಮರುಬಳಕೆಯ ಬಗ್ಗೆ ಇಂದು ಸಭೆಗಳಲ್ಲಿ ಚರ್ಚಿಸುವವರು ಮೊದಲು ಇಲ್ಲಿಗೆ ಬಂದು ಒಂದು ದಿನ ಕುಳಿತು ನೋಡಬೇಕೆಂದು ನಾನು ನಿಜವಾಗಿಯೂ ಬಯಸುತ್ತೇನೆ.

ದಿನದ ಬಾಡಿಗೆಯನ್ನು 20ರಿಂದ ಗುಣಿಸಿದರೆ ಕೆಲವು ವಸ್ತುಗಳಿಗೆ ಹೊಸದನ್ನೇ ಕೊಳ್ಳುವಷ್ಟು ಹಣವಾಗುತ್ತದೆ ಎಂಬುದು ನಿಜ. ಆದ್ದರಿಂದ ಇಡೀ ಅವಧಿಗೆ ಒಂದೇ ಮೊತ್ತವನ್ನು ಮಾತಾಡಿಕೊಳ್ಳಬೇಕು. ಇಲ್ಲಿ ಪಂಚಾಂಗವೂ ನಮ್ಮ ನೆರವಿಗೆ ಬರುತ್ತದೆ. ನವರಾತ್ರಿಯಿಂದ ತುಳಸಿ ಪೂಜೆಯವರೆಗೆ ಮದುವೆಯ ಮುಹೂರ್ತಗಳು ವಿರಳವಾಗಿರುವುದರಿಂದ, ಗೋದಾಮಿನಲ್ಲಿ ಸುಮ್ಮನೆ ಕುಳಿತ ಮೇಜುಗಳನ್ನು ಅವರು ಕಡಿಮೆ ದರಕ್ಕೆ ಕೊಡಲು ಒಪ್ಪುತ್ತಾರೆ. ತುಳಸಿ ಪೂಜೆಯ ಮರುದಿನದಿಂದ ಅದೇ ಮಾತು ನಡೆಯುವುದಿಲ್ಲ.

ಸೀರೆಯ ಅಂಗಡಿಗೆ ಕಪಾಟಿನ ಬಲ ಮುಖ್ಯ. ಒಂದು ಸೀರೆ ಅರ್ಧ ಕಿಲೋದ ಆಸುಪಾಸು ತೂಗುತ್ತದೆಂದು ಹಿಡಿದರೂ, ಒಂದು ತಟ್ಟೆಯ ಮೇಲೆ 60 ಸೀರೆ ಪೇರಿಸಿದಾಗ 30 ಕಿಲೋ ಭಾರ ಬೀಳುತ್ತದೆ. ತೂತುಗಳಿರುವ ಕಬ್ಬಿಣದ ಆ್ಯಂಗಲ್‌ಗಳಿಗೆ ನಟ್ಟು ಬೋಲ್ಟು ಹಾಕಿ ನಿಲ್ಲಿಸುವ ರ‍್ಯಾಕುಗಳು ಇದನ್ನು ನಿರಾಯಾಸವಾಗಿ ಹೊರುತ್ತವೆ, ಎತ್ತರವನ್ನು ಬೇಕಾದಂತೆ ಬದಲಿಸಬಹುದು, ಬಿಚ್ಚಿದರೆ ಒಂದು ಚಿಕ್ಕ ಗಾಡಿಯಲ್ಲಿ ಮಲಗಿಸಿ ಒಯ್ಯಬಹುದು, ಕೊನೆಗೆ ತುಕ್ಕು ಹಿಡಿದರೂ ಗುಜರಿಯಲ್ಲಿ ಬೆಲೆ ಇದೆ. ನೋಡಲು ಒರಟು ಎಂಬುದಷ್ಟೇ ಅವುಗಳ ದೋಷ. ತಟ್ಟೆಗಳ ಮೇಲೆ ಬಿಳಿ ಖಾದಿ ಹಾಸಿದರೆ ಅದೂ ಮರೆಯಾಗುತ್ತದೆ.

ಇನ್ನು ಕೌಂಟರ್ ಬೇಕೇ ಎಂದು ಯೋಚಿಸಿದಾಗ ನನಗೆ ಹಳೆಯ ಜವಳಿ ಅಂಗಡಿಗಳು ನೆನಪಾದವು. ನೆಲದ ಮೇಲೆ ಗಾದಿ, ಅದರ ಮೇಲೆ ಬಿಳಿ ಹೊದಿಕೆ, ಎದುರಿಗೆ ಕುಳಿತ ಮನೆಮಂದಿ, ನಡುವೆ ಬಿಚ್ಚಿಕೊಳ್ಳುವ ಸೀರೆ. ಅಲ್ಲಿ ಪೀಠೋಪಕರಣವೇ ಇರುತ್ತಿರಲಿಲ್ಲ. ಮದುವೆ ಮನೆಗಳಿಗೆ ಹೋಗುವ ಹಾಸಿಗೆಗಳನ್ನೇ ಬಾಡಿಗೆಗೆ ತಂದು ಅರ್ಧ ಮಳಿಗೆಗೆ ಹಾಸಿದೆವು. ಮಂಡಿ ನೋವಿರುವ ಹಿರಿಯರಿಗಾಗಿ ಆರು ಕುರ್ಚಿಗಳನ್ನೂ ಒಂದು ಮೇಜನ್ನೂ ಇಟ್ಟೆವು. ಜನ ಮೊದಲಿಗಿಂತ ಹೆಚ್ಚು ಹೊತ್ತು ಕುಳಿತರು, ಸೆರಗನ್ನು ಕೈಯಲ್ಲಿ ಹಿಡಿದು ನೋಡಿದರು.

ಬಾಡಿಗೆಗೆ ತಂದ ಮಾತ್ರಕ್ಕೆ ಕಸ ತಪ್ಪುತ್ತದೆಂದು ನಾನು ಹೇಳಲಾರೆ. ದೊಡ್ಡ ವಸ್ತುಪ್ರದರ್ಶನಗಳ ಮಳಿಗೆಗಳನ್ನೇ ನೋಡಿ. ಅಲ್ಲಿ ಆಕ್ಟಾನಾರ್ಮ್ ಎಂದು ಕರೆಯುವ, ಎಂಟು ಬದಿಗಳಲ್ಲೂ ಸೀಳಿರುವ ಅಲ್ಯೂಮಿನಿಯಂ ಕಂಬಗಳ ನಡುವೆ ಹಲಗೆಗಳನ್ನು ಸಿಕ್ಕಿಸಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಳಿಗೆಯನ್ನು ನೋಡನೋಡುತ್ತಲೇ ಕಟ್ಟುತ್ತಾರೆ. ಅದೇ ಕಂಬಗಳು ವರ್ಷಗಟ್ಟಲೆ ಊರೂರು ತಿರುಗುತ್ತವೆ. ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಕೊನೆಯ ದಿನ ಸಂಜೆ ಹೋಗಿ ನೋಡಿದರೆ, ನೆಲಕ್ಕೆ ಅಂಟಿಸಿದ್ದ ಸಿಂಥೆಟಿಕ್ ಕಾರ್ಪೆಟ್ಟು, ಥರ್ಮಾಕೋಲ್ ಅಕ್ಷರಗಳು, ತಾರೀಖು ಮುದ್ರಿಸಿದ ಫಲಕಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ನಿಷೇಧಿಸಿದ ಮೇಲೂ ಈ ಅಭ್ಯಾಸ ಪೂರ್ತಿ ಹೋಗಿಲ್ಲ. ನಮ್ಮ ಅಂಗಡಿಯ ಹೆಸರನ್ನು ನಾವು ಕೋರಾ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ, ಅದರಲ್ಲಿ ವರ್ಷವನ್ನು ಹಾಕಿಸಿಲ್ಲ. ಹಾಗಾಗಿ ಅದು ನಾಲ್ಕನೆಯ ವರ್ಷವೂ ಬಾಗಿಲ ಮೇಲೆ ನಿಂತಿದೆ.

ಹೊಸದಾಗಿ ತೊಡಗುವವರು ಸಾಮಾನು ಇಳಿಸುವಾಗಲೇ ಪ್ರತಿ ಮೇಜಿನ ಫೋಟೋ ತೆಗೆದು, ಹಳೆಯ ಗೀರುಗಳನ್ನು ರಸೀತಿಯಲ್ಲಿ ಬರೆಸಿಕೊಳ್ಳಲಿ. ಎರಡನೆಯ ವರ್ಷ ನಾವು ಹಾಗೆ ಮಾಡದೆ, ಒಬ್ಬ ಪೂರೈಕೆದಾರರಿಗೆ ನಾವು ಮುರಿಯದ ಕಾಲಿಗೂ ಠೇವಣಿಯಲ್ಲಿ ಹಣ ಬಿಟ್ಟುಕೊಟ್ಟೆವು. ಹತ್ತಿರದ ಗೋದಾಮನ್ನೇ ಆರಿಸಿಕೊಳ್ಳುವುದೂ ಮುಖ್ಯ. ದೂರದಿಂದ ಗಾಡಿ ನಾಲ್ಕು ಬಾರಿ ಓಡಾಡಿದರೆ (ತರಲು ಎರಡು, ಒಯ್ಯಲು ಎರಡು) ಡೀಸೆಲ್ಲಿನ ಖರ್ಚೂ ಹೊಗೆಯೂ ಉಳಿತಾಯವನ್ನು ನುಂಗುತ್ತವೆ.

ಬಾಡಿಗೆಗೆ ಸಿಗದ ಒಂದೇ ವಸ್ತು ಆಳೆತ್ತರದ ಕನ್ನಡಿ. ಸಾಗಿಸುವಾಗ ಒಡೆಯುತ್ತದೆಂದು ನಾವು ಕೇಳಿದವರಲ್ಲಿ ಯಾರೂ ಇಡುವುದಿಲ್ಲ. ಕೊನೆಗೆ ತೇಗದ ಚೌಕಟ್ಟಿನ ಒಂದು ಹಳೆಯ ಕನ್ನಡಿಯನ್ನು ನಾಲ್ವರೂ ಸೇರಿ ಕೊಂಡು, ಅದರ ಬೆನ್ನಿಗೆ ದಪ್ಪ ಕಂಬಳಿ ಹೊಲಿಸಿದೆವು. ಮಲ್ಲೇಶ್ವರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಒಡವೆಯ ಅಂಗಡಿ ಇಡುವ ಇಬ್ಬರು ಹುಡುಗಿಯರು ಈ ಬಾರಿ ಅದನ್ನು ಕೇಳಿದ್ದಾರೆ. ದಿನಕ್ಕೆ 50 ರೂಪಾಯಿಯಂತೆ ಕೊಡುವುದೆಂದು ತೀರ್ಮಾನಿಸಿದ್ದೇವೆ.