ಹಾಕೊದಾತೆಯಲ್ಲಿ ಹ್ಯಾರಿಸ್ ದಂಪತಿಯ ಜಾಡು ಹಿಡಿದು

ಜಪಾನಿನ ಹಾಕೊದಾತೆಯಲ್ಲಿ ‘ಚರ್ಚುಗಳ ನಡಿಗೆ’ಗೆಂದು ತಲೆಗೆ 4,500 ಯೆನ್ ತೆತ್ತು ಸೇರಿಕೊಂಡ ನನಗೆ, ಆರ್ಥೊಡಾಕ್ಸ್ ಚರ್ಚಿನ ಎದುರು ಫೋಟೊದ ಸರದಿಗಾಗಿ ಮುಕ್ಕಾಲು ಗಂಟೆ ಕಾಯುವ ಭಾಗ್ಯ ದೊರೆಯಿತೇ ಹೊರತು, ಯಾವುದಕ್ಕಾಗಿ ಅಷ್ಟು ದೂರ ಹೋಗಿದ್ದೆನೋ ಆ ಮೆಥಡಿಸ್ಟರ, ಅಂದರೆ ಹ್ಯಾರಿಸ್ ದಂಪತಿ ಸೇರಿದ್ದ ಪ್ರಾಟೆಸ್ಟಂಟ್ ಪಂಥದವರ, ಹೆಸರು ಕೂಡ ಕಿವಿಗೆ ಬೀಳಲಿಲ್ಲ. ಕೊನೆಗೆ ನಾನೇ ಕೇಳಿದಾಗ, ಅದು ತಮ್ಮ ಪಟ್ಟಿಯಲ್ಲಿಲ್ಲವೆಂದು ಮಾರ್ಗದರ್ಶಿ ನಯವಾಗಿ ತಲೆಬಾಗಿದರು. ವಾಸ್ತವದಲ್ಲಿ ಮೆಥಡಿಸ್ಟ್ ಮೂಲದ ಹಾಕೊದಾತೆ ಚರ್ಚು ಅದೇ ಮೋಟೊಮಾಚಿ ಬಡಾವಣೆಯಲ್ಲಿದೆ. 1931ರ ಆಡಂಬರವಿಲ್ಲದ ಕಾಂಕ್ರೀಟ್ ಕಟ್ಟಡವಾದ್ದರಿಂದ ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಜನಜಂಗುಳಿ ಕಂಡರಾಗದ ನನಗೆ ಅದೇ ಹಿತವಾಯಿತು. ನಡಿಗೆಗೆ ದುಡ್ಡು ಸುರಿಯದೆ, ಸುಯೆಹಿರೊಚೊ ನಿಲ್ದಾಣದಲ್ಲಿ ಟ್ರಾಮ್ ಇಳಿದು ನೀವೇ ಏರು ಹತ್ತಿ.

ಕ್ರೈಸ್ತಮತ ನಿಷೇಧದ ಫಲಕಗಳನ್ನು ಜಪಾನಿನ ಮೇಜಿ ಚಕ್ರವರ್ತಿಯ ಸರ್ಕಾರ ತೆಗೆಸಿದ್ದು 1873ರಲ್ಲಿ. ಅದರ ಬೆನ್ನಲ್ಲೇ, 1874ರ ಆರಂಭದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿ ಹೋರಾಡಿದ್ದ ಮೆಥಡಿಸ್ಟ್ ಮಿಷನರಿ ಮೆರಿಮನ್ ಕೋಲ್ಬರ್ಟ್ ಹ್ಯಾರಿಸ್ ತಮ್ಮ ಪತ್ನಿ ಫ್ಲೋರಾ ಅವರೊಡನೆ ಈ ಬಂದರಿಗೆ ಬಂದಿಳಿದರು. ಹತ್ತನೆಯ ಶತಮಾನದ ಜಪಾನಿ ಪ್ರವಾಸ ದಿನಚರಿಯೊಂದನ್ನು ಇಂಗ್ಲಿಷಿಗೆ ತಂದ ಫ್ಲೋರಾ ಇಲ್ಲಿ ಹೆಣ್ಣುಮಕ್ಕಳಿಗೆ ಆರಂಭಿಸಿದ ಪಾಠವೇ ಇಂದಿನ ಇಆಯ್ ಶಾಲೆಯ ಬೇರು. ಶಾಲೆ ವಿಧಿವತ್ತಾಗಿ ಸ್ಥಾಪನೆಯಾದದ್ದು 1882ರಲ್ಲಿ. ಸುಗಿನಾಮಿಚೊ ಟ್ರಾಮ್ ನಿಲ್ದಾಣದ ಬಳಿ ಇರುವ ಅದರ ಮುಖ್ಯ ಕಟ್ಟಡ 1908ರದು, ತಿಳಿ ಗುಲಾಬಿ ಬಣ್ಣದ್ದು. ಪಕ್ಕದಲ್ಲೇ ಮಿಷನರಿಗಳು ವಾಸವಿದ್ದ ಬಿಳಿಯ ಮನೆಯೂ ಇದೆ. ಇದು ಇಂದಿಗೂ ಮಕ್ಕಳು ಓದುವ ಶಾಲೆಯಾದ್ದರಿಂದ ಹೇಳದೆ ಕೇಳದೆ ಒಳನುಗ್ಗುವಂತಿಲ್ಲ; ಸಾರ್ವಜನಿಕರಿಗೆ ಪ್ರವೇಶವಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ನಾನು ವಿಚಾರಿಸದೆ ಹೋಗಿ ಗೇಟಿನಾಚೆಯಿಂದಲೇ ನೋಡಿ ಹಿಂದಿರುಗಿದೆ.

ಸಮುದ್ರ ಕಾಣುವುದೆಂದು ನಂಬಿಸಿ ರಾತ್ರಿಗೆ 16,000 ಯೆನ್ ಕಿತ್ತುಕೊಂಡ ಕೋಣೆಯಿಂದ ಕಂಡದ್ದು ಕಾರು ನಿಲುಗಡೆಯ ಜಾಗ ಮಾತ್ರ. ಆ ಸಿಟ್ಟನ್ನು ಇಳಿಸಿದ್ದು, ಬೆಳಗಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಆರೇ ಸ್ಟೂಲುಗಳಿದ್ದ ಒಂದು ಊಟದ ಅಂಗಡಿ. ಮೀನು, ಮಾಂಸ, ಮೀನಿನ ಸಾರು ಯಾವುದೂ ಬೇಡವೆಂದು ಜಪಾನಿಯಲ್ಲಿ ಬರೆಸಿಕೊಂಡಿದ್ದ ಚೀಟಿಯನ್ನು ಮುಂದಿಟ್ಟಾಗ, ಅಂಗಡಿಯ ಅಜ್ಜಿ ಅದನ್ನು ಎರಡು ಸಲ ಓದಿ, ಸಿದ್ಧವಾಗಿದ್ದ, ಹುದುಗಿಸಿದ ಸೋಯಾದ ‘ಮಿಸೊ’ ಸಾರನ್ನು ಬದಿಗೆ ಸರಿಸಿದರು. ಆಮೇಲೆ ‘ಕೊಂಬು’ ಎಂಬ ಒಣಗಿದ ಕಡಲಪಾಚಿಯ ತುಂಡೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ನೀರಿಗೆ ಹಾಕಿ, ನನ್ನೊಬ್ಬನಿಗಾಗಿ ಬೇರೆ ಸಾರು ಕಾಯಿಸಿದರು. ಅನ್ನದ ಮುದ್ದೆಗಳೆರಡಕ್ಕೆ ಸೋಯಾ ಸಾಸ್ ಸವರಿ ತಂತಿಜಾಲದ ಮೇಲೆ ಸುಟ್ಟು, ಅಂಚು ಕರಿದಾಗುವಷ್ಟರಲ್ಲಿ ಎತ್ತಿಕೊಟ್ಟದ್ದು, ಜೊತೆಗೆ ಬೆಣ್ಣೆ ಕರಗುತ್ತಿದ್ದ ಬಿಸಿ ಆಲೂಗಡ್ಡೆ, ಎಲ್ಲ ಸೇರಿ 650 ಯೆನ್. ಮೂರು ದಿನವೂ ಅಲ್ಲೇ ಉಂಡೆ. ಸಸ್ಯಾಹಾರಿಗಳು ಬೇರೆ ಏನು ಮರೆತರೂ ಆ ಚೀಟಿಯನ್ನು ಮರೆಯಬಾರದು.

ಹಾಕೊದಾತೆಯಿಂದ ಅದೇ ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರಕ್ಕೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಹೊಕ್ಕೈಡೊದಲ್ಲಿ ಇನ್ನೂ ರೈಲೇ ಇರದ 1878ರಲ್ಲಿ ಹ್ಯಾರಿಸ್ ಅಲ್ಲಿಗೆ ಹೋಗಿ, ಜೂನ್ 2ರಂದು ಕೃಷಿ ಕಾಲೇಜಿನ ವಿದ್ಯಾರ್ಥಿಗಳಿಗೆ ದೀಕ್ಷಾಸ್ನಾನ ಕೊಟ್ಟರು. ಅವರಲ್ಲಿ ಒಬ್ಬರಾದ ನಿತೊಬೆ ಇನಾಜೊ ಮುಂದೆ 5,000 ಯೆನ್ ನೋಟಿನ ಮೇಲೆ ಕಾಣಿಸಿಕೊಂಡರು. ಇನ್ನೊಬ್ಬರಾದ ಉಚಿಮುರಾ ಕಾಂಜೊ ಮಿಷನ್ನುಗಳ ಹಂಗೇ ಬೇಡವೆಂದು ‘ಚರ್ಚಿಲ್ಲದ’ ಕ್ರೈಸ್ತಧರ್ಮವನ್ನು ಕಟ್ಟಿದರು. ಆ ಕಾಲೇಜಿನದೇ ಆಗಿದ್ದ ಗಡಿಯಾರ ಗೋಪುರವನ್ನು ನೋಡಬಹುದು, ಆದರೆ ಸುತ್ತಲಿನ ಎತ್ತರದ ಕಟ್ಟಡಗಳ ನಡುವೆ ಅದು ಕುಬ್ಜವಾಗಿ ಕಾಣುತ್ತದೆ. ಅಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಳೆಯಬೇಡಿ.

1886ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿ ವಲಸಿಗರ ನಡುವೆ ದುಡಿದ ಹ್ಯಾರಿಸ್, 1904ರಲ್ಲಿ ಜಪಾನ್ ಮತ್ತು ಕೊರಿಯಾಗಳ ಬಿಷಪ್ ಆಗಿ ನೇಮಕಗೊಂಡರು. 1921ರಲ್ಲಿ ತೋಕಿಯೊದಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿನ ಆವೊಯಾಮಾ ಸ್ಮಶಾನದಲ್ಲಿದೆ. ಪ್ರವೇಶಕ್ಕೆ ಶುಲ್ಕವಿಲ್ಲ. ನೊಗಿಜಾಕಾ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು. ಸ್ಮಶಾನ ಬಹು ದೊಡ್ಡದಾದ್ದರಿಂದ ನೇರವಾಗಿ ವಿದೇಶಿಯರ ವಿಭಾಗವನ್ನೇ ಕೇಳಿಕೊಂಡು ಹೋಗಿ. ಚೆರಿ ಹೂ ಬಿಡುವ ವಾರದಲ್ಲಂತೂ ಆ ಕಡೆ ತಲೆ ಹಾಕಬೇಡಿ.