ಆಕ್ಟೋಪಾತ್ ಟ್ರಾವೆಲರ್ ಆಟದ ದಿನಚರಿ: ಎಂಟು ಜನ, ಒಂದೇ ತಂಡ, ಮಾತಿಲ್ಲ ಕತೆಯಿಲ್ಲ

ಶುರು

ಈ ಆಟ 2018ರ ಜುಲೈನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್‌ಗೆ ಬಂತು. ನನ್ನ ಹತ್ತಿರ ಸ್ವಿಚ್ ಇಲ್ಲ. ಮರುವರ್ಷ ಪಿಸಿಗೂ ಬಂತು, ಆದರೆ ನಾನು ಕೊಂಡಿದ್ದು ಈಚೆಗೆ, ಸೇಲ್‌ನಲ್ಲಿ. ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ ಆಡುವುದು, ಮಲಗುವ ಮುಂಚೆ ನಾಲ್ಕು ಸಾಲು ಬರೆದಿಡುವುದು ಅಂತ ಲೆಕ್ಕ. ತಲೆಬರಹದಲ್ಲಿರುವ ಗಂಟೆ ಅಂದರೆ ಅಲ್ಲಿಯ ತನಕ ಒಟ್ಟು ಆಡಿದ ಹೊತ್ತು. ಮುಂದೆ ಕತೆಯ ಗುಟ್ಟುಗಳೆಲ್ಲ ಬರುತ್ತವೆ. ಆಡುವ ಮನಸ್ಸಿದ್ದವರು ಇಲ್ಲಿಗೇ ಬಿಡಿ.

ಒಫಿಲಿಯಾ, ಸೈರಸ್, ಟ್ರೆಸ್ಸಾ, ಓಲ್ಬೆರಿಕ್, ಪ್ರಿಮ್‌ರೋಸ್, ಆಲ್ಫಿನ್, ಥೀರಿಯನ್, ಹಾನಿತ್. ಈ ಎಂಟು ಜನರಲ್ಲಿ ಒಬ್ಬರನ್ನು ಆರಿಸಿ ಶುರು ಮಾಡಬೇಕು. ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿದರೆ ಆಕ್ಟೋಪಾತ್ ಆಗುತ್ತದೆ. ಇದು ನನಗೆ ಹೊಳೆಯಲು ಒಂಬತ್ತು ಗಂಟೆ ಬೇಕಾಯಿತು!

ನಾನು ಆರಿಸಿದ್ದು ಪ್ರಿಮ್‌ರೋಸ್‌ಳನ್ನು. ದೊಡ್ಡ ಮನೆತನದ ಹುಡುಗಿ. ಅಪ್ಪನನ್ನು ಕೊಂದ ಮೂವರ ಮೈಮೇಲೆ ಕಾಗೆಯ ಗುರುತು ಇತ್ತು ಅನ್ನುವುದು ಮಾತ್ರ ಗೊತ್ತು. ಅವರನ್ನು ಹುಡುಕಲು ಮರಳುಗಾಡಿನ ಊರೊಂದರಲ್ಲಿ ಕುಣಿಯುವವಳಾಗಿ ಕಾಯುತ್ತಿದ್ದಾಳೆ. ಮೊದಲ ಅಧ್ಯಾಯವೇ ಗಟ್ಟಿಯಾಗಿದೆ. ಒಮ್ಮೆ ಆರಿಸಿದವರನ್ನು ಅವರ ನಾಲ್ಕೂ ಅಧ್ಯಾಯ ಮುಗಿಯುವ ತನಕ ತಂಡದಿಂದ ಬಿಡುವ ಹಾಗಿಲ್ಲ. ನನಗೇನೂ ಬೇಜಾರಿಲ್ಲ.

14 ಗಂಟೆ

ಎಂಟೂ ಜನ ಸಿಕ್ಕಿದರು, ಆದರೆ ಒಮ್ಮೆಗೆ ತಂಡದಲ್ಲಿ ನಾಲ್ವರೇ ಇರಬಹುದು. ಎಂಟು ಮೊದಲ ಅಧ್ಯಾಯ ಮುಗಿಯಿತು. ನೋಡಲು ಚೆಂದ ಅಂದರೆ ಚೆಂದ. ಜನ ಮಾತ್ರ ಸೂಪರ್ ಫ್ಯಾಮಿಕಾಮ್ ಎಂಬ ಹಳೇ ಗೇಮ್ ಯಂತ್ರದ ಕಾಲದ ಚುಕ್ಕಿ ಚುಕ್ಕಿ ಗೊಂಬೆಗಳು. ಸುತ್ತಲಿನ ಮನೆ, ನೀರು, ಬೆಳಕು ಎಲ್ಲ ಮೂರು ಆಯಾಮದ್ದು. ಮಕ್ಕಳು ಶಾಲೆಗೆ ರಟ್ಟಿನಲ್ಲಿ ಊರು ಕಟ್ಟಿ, ಒಳಗೊಂದು ಬಲ್ಬು ಇಟ್ಟ ಹಾಗೆ. ಇದನ್ನು ಎಚ್‌ಡಿ-2ಡಿ ಅಂತ ಕರೆಯುತ್ತಾರೆ. ಆಮೇಲೆ ಆಟದ ಕಂಪನಿ ಸ್ಕ್ವೇರ್ ಎನಿಕ್ಸ್ ಇದೇ ಶೈಲಿಯಲ್ಲಿ ಇನ್ನೂ ಹಲವು ಆಟ ತಂದಿತು.

ಕಾಳಗದ ಲೆಕ್ಕ ಇನ್ನೂ ಚೆಂದ. ಪ್ರತಿ ಶತ್ರುವಿನ ಕೆಳಗೆ ಗುರಾಣಿಯೊಂದಿಗೆ ಒಂದು ಅಂಕಿ. ಯಾವ ಆಯುಧಕ್ಕೆ, ಯಾವ ಮಂತ್ರಕ್ಕೆ ಅದು ಬಗ್ಗುತ್ತದೆ ಅಂತ ಹೊಡೆದು ನೋಡಿಯೇ ಕಂಡುಹಿಡಿಯಬೇಕು. ಸರಿಯಾದ ಏಟು ಬಿದ್ದಾಗೆಲ್ಲ ಅಂಕಿ ಒಂದೊಂದೇ ಇಳಿಯುತ್ತದೆ. ಸೊನ್ನೆಗೆ ಬಂದರೆ ಗುರಾಣಿ ಒಡೆದು, ಮುಂದಿನ ಸುತ್ತು ಮುಗಿಯುವ ತನಕ ಶತ್ರು ಮಂಕಾಗಿ ನಿಲ್ಲುತ್ತಾನೆ. ಇತ್ತ ನಮಗೆ ಸುತ್ತಿಗೊಂದು ಬೂಸ್ಟ್ ಪಾಯಿಂಟ್, ಅಂದರೆ ಏಟಿನ ಬಲ ಹೆಚ್ಚಿಸುವ ಅಂಕ. ಐದರ ತನಕ ಕೂಡಿಡಬಹುದು, ಒಮ್ಮೆಗೆ ಮೂರು ಖರ್ಚು ಮಾಡಬಹುದು, ಖರ್ಚು ಮಾಡಿದ ಮರುಸುತ್ತು ಹೊಸದು ಸಿಗುವುದಿಲ್ಲ. ಗುರಾಣಿ ಒಡೆಯುವ ಹೊತ್ತಿಗೂ ನಾಲ್ವರ ಕೈಯಲ್ಲೂ ಮೂರು ಮೂರು ಪಾಯಿಂಟ್ ಇರುವುದಕ್ಕೂ ತಾಳ ಕೂಡಿದರೆ ಆಹಾ! ಬಾಸ್‌ನ (ಅಧ್ಯಾಯದ ಕೊನೆಯ ದೊಡ್ಡ ಶತ್ರು) ಎದುರು ನಿಲ್ಲುವಾಗ ನಮ್ಮ ಪಾತ್ರದ ರಾಗವೇ ಹರಿದು ಕಾಳಗದ ಸಂಗೀತಕ್ಕೆ ಸೇರಿಕೊಳ್ಳುತ್ತದೆ. ಸಂಗೀತಗಾರ ಯಾಸುನೋರಿ ನಿಶಿಕಿಯ ಕೆಲಸ. ಬಾಸ್‌ಗೆ ಸೋತರೆ ಬೇಜಾರಾಗದಿರಲು ಅರ್ಧ ಕಾರಣ ಇದೇ.

27 ಗಂಟೆ

ಇವತ್ತು ಕತೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಥೀರಿಯನ್‌ನನ್ನು ಕರೆದುಕೊಂಡು ಊರೂರು ಸುತ್ತಿ ಜನರ ಜೇಬಿಗೆ ಕೈ ಹಾಕಿದೆ. ಜೇಬಲ್ಲಿ ಒಳ್ಳೆಯ ಆಯುಧ ಇದ್ದರೆ ಅದನ್ನು ಕದಿಯಲು ಆಗುವ ಸಾಧ್ಯತೆ ಶೇ. 3 ಅಂತ ತೋರಿಸುತ್ತದೆ. ಸೇವ್ ಮಾಡು, ಕದಿ, ಸಿಕ್ಕಿಬಿದ್ದರೆ ಮತ್ತೆ ಲೋಡ್ ಮಾಡು. ಇದನ್ನು ಮಾಡದವರು ಯಾರೂ ಇಲ್ಲ, ಒಪ್ಪಿಕೊಳ್ಳದವರು ಇದ್ದಾರೆ ಅಷ್ಟೆ. ಹಾಗೆ ಮಾಡದೆ ಪದೇಪದೇ ಸಿಕ್ಕಿಬಿದ್ದರೆ ಊರಲ್ಲಿ ಮಾನ ಹೋಗುತ್ತದೆ. ಹೋದ ಮಾನವನ್ನು ಹೋಟೆಲಿನವನಿಗೆ ದುಡ್ಡು ಕೊಟ್ಟು ವಾಪಸ್ ತರಬೇಕು!

ಎಂಟು ಜನಕ್ಕೂ ಊರವರ ಜೊತೆ ನಡೆದುಕೊಳ್ಳುವ ಒಂದೊಂದು ದಾರಿ ಇದೆ. ಥೀರಿಯನ್ ಕದ್ದರೆ ಟ್ರೆಸ್ಸಾ ದುಡ್ಡು ಕೊಟ್ಟು ಕೊಳ್ಳುತ್ತಾಳೆ. ಓಲ್ಬೆರಿಕ್ ಕಾಳಗಕ್ಕೆ ಕರೆಯುತ್ತಾನೆ. ಪ್ರಿಮ್‌ರೋಸ್ ಮರುಳು ಮಾಡಿ ಹಿಂದೆ ಕರೆದೊಯ್ಯುತ್ತಾಳೆ. ಆಲ್ಫಿನ್ ಮತ್ತು ಸೈರಸ್ ಸುದ್ದಿ ಕೆದಕುತ್ತಾರೆ. ಬೇರೆ ಆಟಗಳಲ್ಲಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುವ ಮುದುಕಿಗೂ ಇಲ್ಲಿ ನಾಲ್ಕು ಸಾಲಿನ ಬದುಕಿದೆ. ಯಾಕೆ ಈ ಊರಿಗೆ ಬಂದಳು, ಯಾರನ್ನು ಕಳೆದುಕೊಂಡಳು. ನಾನಂತೂ ಕೆಲಸ ಇಲ್ಲದಿದ್ದರೂ ಒಬ್ಬೊಬ್ಬರನ್ನೇ ನಿಲ್ಲಿಸಿ ಓದುತ್ತೇನೆ. ಅಂದ ಹಾಗೆ, ಇಂಗ್ಲಿಷ್ ಆವೃತ್ತಿಯಲ್ಲಿ ಬೇಟೆಗಾರ್ತಿ ಹಾನಿತ್ ಹಳೇ ಕಾಲದ ಇಂಗ್ಲಿಷ್ ಮಾತಾಡುತ್ತಾಳೆ. ಕಿರಾಣಿ ಅಂಗಡಿಯಲ್ಲಿ ಹಳಗನ್ನಡದಲ್ಲಿ ಉಪ್ಪು ಕೇಳಿದ ಹಾಗಿರುತ್ತದೆ.

41 ಗಂಟೆ

ಈಗ ತಕರಾರು. ಪ್ರಿಮ್‌ರೋಸ್‌ಳ ಮೂರನೇ ಅಧ್ಯಾಯ ಮುಗಿಸಿದೆ. ಕಾಗೆ ಗುರುತಿನವರ ನಾಯಕ ಬೇರೆ ಯಾರೂ ಅಲ್ಲ, ಅವಳು ಚಿಕ್ಕಂದಿನಲ್ಲಿ ಪ್ರೀತಿಸಿದ ಸಿಮಿಯನ್. ಅವನು ಅವಳಿಗೇ ಚೂರಿ ಹಾಕುತ್ತಾನೆ. ನೆಲದ ಮೇಲೆ ಬಿದ್ದಿದ್ದಾಳೆ. ನನ್ನ ತಂಡದಲ್ಲಿ ಆಗ ಇದ್ದವರು ಯಾರು? ಕತ್ತಿ ಹಿಡಿದ ಓಲ್ಬೆರಿಕ್. ಗಾಯ ಗುಣಪಡಿಸುವ ಒಫಿಲಿಯಾ. ಮದ್ದಿನ ಚೀಲ ಹೊತ್ತ ಆಲ್ಫಿನ್. ಐದು ನಿಮಿಷದ ಹಿಂದೆ ಅದೇ ಮನೆಯಲ್ಲಿ ಬಾಸ್‌ನನ್ನು ಜೊತೆಗೂಡಿ ಹೊಡೆದಿದ್ದೆವು. ಈಗ ಒಬ್ಬರೂ ಇಲ್ಲ. ಅವಳನ್ನು ಆರೈಕೆ ಮಾಡುವುದು ಆ ಊರಿನ ಇನ್ಯಾರೋ.

ಇದೇನು ಒಂದು ಸಲದ ತಪ್ಪಲ್ಲ, ಆಟ ಕಟ್ಟಿರುವುದೇ ಹೀಗೆ. ಯಾವ ಕತೆಯನ್ನು ಯಾವಾಗ ಬೇಕಾದರೂ, ಯಾರನ್ನು ಬೇಕಾದರೂ ಕಟ್ಟಿಕೊಂಡು ಆಡಬಹುದು. ಹಾಗಾಗಿ ಬರೆದವರಿಗೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಿರುವುದಿಲ್ಲ. ಸುಲಭದ ದಾರಿ ಅಂದರೆ ಯಾರೂ ಇಲ್ಲ ಅಂದುಕೊಂಡು ಬರೆಯುವುದು. ಒಂದೇ ಬಸ್ಸಿನಲ್ಲಿ ಎಂಟು ಜನ, ಎಂಟು ಬೇರೆ ಬೇರೆ ಟಿಕೆಟ್. ಅಲ್ಲೊಂದು ಇಲ್ಲೊಂದು ಕಡೆ ಬಟನ್ ಒತ್ತಿದರೆ ಇಬ್ಬರು ನಿಂತು ಎರಡು ಮಾತಾಡುತ್ತಾರೆ. ಆ ತುಣುಕುಗಳು ಚೆನ್ನಾಗಿಯೇ ಇವೆ. ಅದಕ್ಕೇ ಸಿಟ್ಟು ಜಾಸ್ತಿ ಬರುತ್ತದೆ. ಬರೆಯಲು ಬಾರದವರು ಬಿಟ್ಟಿದ್ದರೆ ಸುಮ್ನೆ ಇರುತ್ತಿದ್ದೆ.

ಇನ್ನೊಂದು, ಒಂದೇ ಅಚ್ಚು. ಊರಿಗೆ ಬಾ, ಮಾತು ಕೇಳು, ಊರವರಲ್ಲಿ ಒಬ್ಬರ ಮೇಲೆ ನಿನ್ನ ವಿದ್ಯೆ ತೋರಿಸು, ಗುಹೆಗೋ ಬಂಗಲೆಗೋ ನುಗ್ಗು, ಬಾಸ್. ಮೂವತ್ತೆರಡು ಅಧ್ಯಾಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೀಗೇ. ಟ್ರೆಸ್ಸಾಳ ಎರಡನೇ ಅಧ್ಯಾಯದಲ್ಲಿ ನನಗೆ ಕಣ್ಣು ಎಳೆಯಿತು.

58 ಗಂಟೆ

ಮೊನ್ನೆ ಬೈದಿದ್ದಕ್ಕೆ ಸ್ವಲ್ಪ ನಾಚಿಕೆ. ಆಲ್ಫಿನ್‌ನ ಮೂರನೇ ಅಧ್ಯಾಯ ಇಡೀ ಆಟದಲ್ಲೇ ನನಗೆ ಹಿಡಿಸಿದ್ದು. ಗಾಯಗೊಂಡವನೊಬ್ಬ ಬಿದ್ದಿದ್ದಾನೆ. ಇವನು ಕೊಲೆಗಾರ, ಬಿಟ್ಟುಬಿಡು ಅಂತ ಓಗೆನ್ ಎಂಬ ಇನ್ನೊಬ್ಬ ಔಷಧಿಯವನು ಹೇಳುತ್ತಾನೆ. ಯಾರೇ ಆಗಲಿ ಗುಣಪಡಿಸುವುದು ನನ್ನ ಕೆಲಸ ಅಂತ ಆಲ್ಫಿನ್ ಮದ್ದು ಕೊಡುತ್ತಾನೆ. ಗುಣವಾದವನು ಒಂದು ಮಗುವಿನ ಮೇಲೆ ಬೀಳುತ್ತಾನೆ. ತಾನೇ ಉಳಿಸಿದವನ ಜೊತೆ ಆಲ್ಫಿನ್ ತಾನೇ ಹೊಡೆದಾಡಬೇಕು. ಇಲ್ಲಿ ಅಚ್ಚು ಅದೇ, ಆದರೆ ಬಾಸ್ ಬರುವುದು ಕತೆಗೆ ಬೇಕಾಗಿ, ಅಧ್ಯಾಯದ ಕೊನೆ ಬಂತು ಅಂತಲ್ಲ.

73 ಗಂಟೆ

ಎಂಟೂ ಕತೆ ಮುಗಿದವು. ಆಟ ಕಟ್ಟಿದವರ ಹೆಸರುಗಳ ಪಟ್ಟಿ ಓಡಿತು. ಎಂಟು ಜನ ಒಟ್ಟಿಗೆ ಕೂತು ಮಾತಾಡಿದ ಒಂದು ದೃಶ್ಯವೂ ನನಗೆ ಸಿಗಲಿಲ್ಲ.

ಆದರೆ ಅಸಲಿ ಕೊನೆ ಬೇರೆ ಇದೆ. ಅಪ್ಪನನ್ನು ಹುಡುಕುವ ಕಿಟ್ ಎಂಬ ಹುಡುಗನ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಟ್ಟರೆ ಹಾರ್ನ್‌ಬರ್ಗ್‌ನ ಪಾಳುಕೋಟೆಯಲ್ಲಿ ಒಂದು ಬಾಗಿಲು ತೆರೆಯುತ್ತದೆ. ಒಳಗೆ ಎಂಟು ಬಾಸ್‌ಗಳು, ಕೊನೆಗೆ ಗಾಲ್ಡೆರಾ ಎಂಬ ದೇವರು. ಓದಲು ಹಾಳೆಗಳು ಸಿಗುತ್ತವೆ. ಆಗ ತಿಳಿಯುತ್ತದೆ. ಟ್ರೆಸ್ಸಾ ಕೈಯಲ್ಲಿ ಹಿಡಿದು ಓಡಾಡಿದ ದಿನಚರಿ ಬರೆದವನು ಕಿಟ್‌ನ ಅಪ್ಪ ಗ್ರಹಾಂ. ಚಿಕ್ಕವನಿದ್ದಾಗ ಆಲ್ಫಿನ್‌ನ ಜೀವ ಉಳಿಸಿದ ಔಷಧಿಯವನೂ ಅವನೇ. ಹಾನಿತ್‌ಳ ಗುರುವನ್ನು ಕಲ್ಲಾಗಿಸಿದ, ಅವಳು ಕೊನೆಗೆ ಬೇಟೆಯಾಡಿದ ಕೆಂಗಣ್ಣಿನ ಮೃಗವೂ ಅವನೇ!

ನಾನು ಕುರ್ಚಿಯಿಂದ ಎದ್ದು ನಿಂತೆ. ನನ್ನ ತಂಡದಲ್ಲಿ ಆಲ್ಫಿನ್ ಇದ್ದ, ಹಾನಿತ್ ಇದ್ದಳು. ಇಬ್ಬರೂ ಒಂದು ಮಾತಾಡಲಿಲ್ಲ. ಇಷ್ಟು ದೊಡ್ಡ ವಿಷಯ ಹಾಳೆಯ ಮೇಲಿದೆ, ಓದಿ ಎದೆ ಒಡೆದುಕೊಳ್ಳಬೇಕಾದವಳು ನಾನೊಬ್ಬಳೇ.

ಇಲ್ಲಿ ನಡುವೆ ಸೇವ್ ಮಾಡುವ ಜಾಗವೂ ಇಲ್ಲ. ಆರನೇ ಬಾಸ್ ಬಿತ್ತು, ಕರೆಂಟು ಹೋಯಿತು. ಯುಪಿಎಸ್ ಇಲ್ಲ. ಕತ್ತಲಲ್ಲಿ ಕೂತು ಒಂದು ಲೋಟ ನೀರು ಕುಡಿದು ಮಲಗಿದೆ.

75 ಗಂಟೆ

ಮತ್ತೆ ಮೊದಲಿಂದ. ಈ ಸಲ ಎಂಟೂ ಬಾಸ್ ದಾಟಿ ಗಾಲ್ಡೆರಾನ ಮುಂದೆ ನಿಂತೆ. ಅವನ ಕಾಳಗ ಎರಡು ಭಾಗ. ಮೊದಲದ್ದಕ್ಕೆ ನಾಲ್ವರು, ಎರಡನೆಯದಕ್ಕೆ ಉಳಿದ ನಾಲ್ವರು. ಎಂಟು ಜನವೂ ಬೇಕೇ ಬೇಕಾದ ಜಾಗ ಆಟದಲ್ಲಿ ಇದೊಂದೇ. ಆಟ ಬರೆದವರು ಮಾತಿನಲ್ಲಿ ಮಾಡದ ಕೆಲಸವನ್ನು ಕಾಳಗದ ನಿಯಮ ಮಾಡಿತು. ನನ್ನ ಮೊದಲ ನಾಲ್ವರು 60ನೇ ಲೆವೆಲ್ ದಾಟಿದ್ದಾರೆ. ಹೊರಗೆ ಕೂತವರಿಗೆ ಅನುಭವದ ಅಂಕ ಸಿಗುವುದಿಲ್ಲವಾದ್ದರಿಂದ ಟ್ರೆಸ್ಸಾ 46, ಸೈರಸ್ 47. ಎರಡನೇ ಭಾಗದಲ್ಲಿ ಎರಡೇ ಸುತ್ತಿಗೆ ಎಲ್ಲ ಮುಗಿಯಿತು.

ಪಾಪ, ಐವತ್ತು ಗಂಟೆ ಅವರನ್ನು ಹೋಟೆಲಿನಲ್ಲಿ ಕೂರಿಸಿ ಮರೆತಿದ್ದು ನಾನೇ. ನಾಳೆಯಿಂದ ಟ್ರೆಸ್ಸಾ, ಸೈರಸ್, ಥೀರಿಯನ್, ಓಲ್ಬೆರಿಕ್. ಮೊದಲು ಟ್ರೆಸ್ಸಾಳಿಗೆ ಒಂದು ಒಳ್ಳೆಯ ಈಟಿ ಬೇಕು. ಕದಿಯುವುದಿಲ್ಲ, ಅವಳ ಕೈಯಿಂದಲೇ ಕೊಳ್ಳಿಸುತ್ತೇನೆ.