ತೃತೀಯಾ ವಿಭಕ್ತಿಯ ಪಾಠ

ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಎಂಬ ಅಧ್ಯಾಯದ 11ನೇ ಅನುವಾಕದಲ್ಲಿ, ಅಂದರೆ ಖಂಡದಲ್ಲಿ, ಇವೆ. ಬೀಳ್ಕೊಡುಗೆ ಸಮಾರಂಭಗಳಲ್ಲಿ ‘ಸತ್ಯಂ ವದ, ಧರ್ಮಂ ಚರ’ ಎಂಬಲ್ಲಿಗೆ ಭಾಷಣ ಮುಗಿಯುತ್ತದೆ. ನಮ್ಮ ಸಂಸ್ಕೃತ ಮೇಷ್ಟ್ರು ನಿಂತುಬಿಡುತ್ತಿದ್ದುದು ಮುಂದೆ ಬರುವ ದಾನದ ಸಾಲುಗಳಲ್ಲಿ, ‘ಶ್ರದ್ಧಯಾ ದೇಯಮ್’ (ಶ್ರದ್ಧೆಯಿಂದ ಕೊಡಬೇಕು) ಎಂದು ಶುರುವಾಗುವಲ್ಲಿ. ಶ್ರದ್ಧಯಾ, ಅಶ್ರದ್ಧಯಾ, ಶ್ರಿಯಾ, ಹ್ರಿಯಾ, ಭಿಯಾ, ಸಂವಿದಾ ಎಂದು ಬೋರ್ಡಿನ ಮೇಲೆ ಬರೆದು ಕೊನೆಯ ಅಕ್ಷರಕ್ಕೆ ಗೆರೆ ಹಾಕುತ್ತಿದ್ದರು. ಐದರಲ್ಲಿ ‘ಯಾ’, ಆರನೆಯದರಲ್ಲಿ ‘ದಾ’. ಎಲ್ಲವೂ ತೃತೀಯಾ ವಿಭಕ್ತಿ, ಕನ್ನಡದ ‘ಇಂದ’. ಏನನ್ನು ಕೊಡಬೇಕೆಂಬ ಪದ ಅಲ್ಲಿಲ್ಲ, ಯಾರಿಗೆ ಎಂಬ ಚತುರ್ಥಿಯೂ ಇಲ್ಲ. ಯಾವ ಮನಸ್ಸಿನಿಂದ ಎಂಬುದಷ್ಟೇ ಇದೆ. ಹಾಗಾಗಿ ಇದು ಕೊಡುವವನ ಒಳಗನ್ನು ತಿದ್ದುವ ವಾಕ್ಯ.

ಎಡವುವುದು ಎರಡನೆಯದರಲ್ಲಿ. ‘ಅಶ್ರದ್ಧಯಾ ಅದೇಯಮ್’ ಎಂಬುದನ್ನು ಸಂಧಿ ಮಾಡಿದರೆ ಸಿಗುವ ಅಕ್ಷರಗಳೇ ‘ಅಶ್ರದ್ಧಯಾ ದೇಯಮ್’ ಎಂದರೂ ಸಿಗುತ್ತವೆ. ಒಂದರ ಅರ್ಥ ಶ್ರದ್ಧೆಯಿಲ್ಲದೆ ಕೊಡಬೇಡ. ಇನ್ನೊಂದರದು ಶ್ರದ್ಧೆ ಇಲ್ಲದಿದ್ದರೂ ಕೊಡು. ಭಾಷ್ಯ ಬರೆದ ಶಂಕರರು ಹಿಡಿದದ್ದು ಮೊದಲನೆಯದನ್ನು. ಜಿಪುಣನಿಗೂ ಅದೇ ಅನುಕೂಲ, ‘ನನಗಿನ್ನೂ ಶ್ರದ್ಧೆ ಬಂದಿಲ್ಲ’ ಎಂದು ಕೈಕಟ್ಟಿ ಕೂರಬಹುದು! ಆದರೆ ಮುಂದಿನ ಪದಗಳು ಅವನನ್ನು ಬಿಡುವುದಿಲ್ಲ. ಹ್ರಿಯಾ, ಅಂದರೆ ನಾಚಿಕೆಯಿಂದ, ಭಿಯಾ, ಭಯದಿಂದ. ಕೊಟ್ಟೆನೆಂದು ಬೀಗುವವನಿಗೆ ಈ ಎರಡೇ ಮದ್ದು. ಸಂವಿದಾ ಎಂಬುದಕ್ಕೆ ಶಂಕರರು ಮೈತ್ರಿ ಮೊದಲಾದ ಕಾರ್ಯವೆಂದು ಅರ್ಥ ಹೇಳುತ್ತಾರೆ.

ದಾನವೆಂದರೆ ಅಹಂಕಾರವನ್ನು ಕೊಡುವುದು, ಬರೀ ಸಂಕೇತ ಎಂದು ಓದುವವರೂ ಇದ್ದಾರೆ. ಅದು ಸಲ್ಲದು. ‘ದೇಯಮ್’ ಎಂದರೆ ಕೊಡಲೇಬೇಕು. ಕೈ ಬಿಚ್ಚದೆ ಮನಸ್ಸು ಬಿಚ್ಚಿತೋ ಇಲ್ಲವೋ ತಿಳಿಯುವುದು ಹೇಗೆ?

ತಿಳಿಯುವ ಗುರುತನ್ನು ಗೀತೆಯ 17ನೇ ಅಧ್ಯಾಯ ಕೊಡುತ್ತದೆ, 20ರಿಂದ 22ನೇ ಶ್ಲೋಕದವರೆಗೆ, ದಾನವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರು ಬಗೆ ಮಾಡಿ. ಸಾತ್ತ್ವಿಕಕ್ಕೆ ಹೇಳಿದ ದೇಶ, ಕಾಲ, ಪಾತ್ರ (ಪಡೆಯಲು ತಕ್ಕವನು) ಇವನ್ನು ಎಲ್ಲರೂ ಗಟ್ಟಿ ಮಾಡುತ್ತಾರೆ, ಅವು ಹೊರಗಿನವು. ಒಳಗಿನ ಗುರುತು 21ರ ‘ಪರಿಕ್ಲಿಷ್ಟಂ’: ಹಿಂಡಿಕೊಂಡು, ಸಂಕಟಪಟ್ಟು ಕೊಟ್ಟದ್ದು. ಪ್ರತ್ಯುಪಕಾರದ ಆಸೆಯೂ ಅಲ್ಲೇ ಸೇರಿದೆ, ಎರಡೂ ರಾಜಸ. ಪಡೆದವನು ತಿರುಗಿ ನೋಡದೆ ಹೋದಾಗ ಮನಸ್ಸು ಚುರ್ ಎಂದರೆ, ಕೊಟ್ಟದ್ದು ಅಲ್ಲಿಯವರೆಗೆ ಸಾಲವಾಗಿತ್ತು. ತಿರಸ್ಕಾರದಿಂದ ಎಸೆದದ್ದು ತಾಮಸ. ವಸ್ತು ಮೂರರಲ್ಲೂ ಒಂದೇ ಇರಬಹುದು.

ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಯಜ್ಞದಲ್ಲಿ ಹಸುಗಳನ್ನು ಕೊಡುತ್ತಿದ್ದಾನೆ: ನೀರು ಕುಡಿದು ಮುಗಿದವು, ಹುಲ್ಲು ಮೇದು ಮುಗಿದವು, ಹಾಲು ಕರೆದು ಮುಗಿದವು, ಇಂದ್ರಿಯಗಳು ಬತ್ತಿದವು. ಲೆಕ್ಕಕ್ಕೆ ಹಸುಗಳೇ. ಮಗನಿಗೆ ಮಾತ್ರ ಅದು ದಾನವಾಗಿ ಕಾಣಲಿಲ್ಲ. ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳಿದ, ಎರಡನೆಯ ಸಲ, ಮೂರನೆಯ ಸಲ. ತೈತ್ತಿರೀಯದಲ್ಲಿ ಕಾಣದ ಚತುರ್ಥಿ ಇಲ್ಲಿ ಹುಡುಗನ ಬಾಯಲ್ಲಿದೆ, ‘ಕಸ್ಮೈ’. ತಂದೆಯ ಉತ್ತರವೂ ಚತುರ್ಥಿಯಲ್ಲೇ ಬಂತು: ‘ಮೃತ್ಯವೇ’.